ಹಿಂಬದಿಯ ಫೋಟೋ ನೋಡದೆ ಹಳೇ ಸಿನಿಮಾ ರೆಕಾರ್ಡ್ ತಗೊಳ್ಳಬೇಡಿ

ಹಳೇ ರೆಕಾರ್ಡ್ ಮಾರುವವನೊಬ್ಬನ ಮಾತು ನಂಬಿ 6,500 ರೂಪಾಯಿ ಹೋಯ್ತು. ಹಣಕ್ಕಿಂತ ಹೆಚ್ಚಾಗಿ, ಹನ್ನೊಂದು ಮಕ್ಕಳ ಎದುರು ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ, ಅದು ನನಗೆ ಈಗಲೂ ತಡೆಯುವುದಿಲ್ಲ. ಬರೆಯುವುದೋ ಬೇಡವೋ ಅಂತ ಮೂರು ದಿನ ಸುಮ್ಮನಿದ್ದೆ. ನಾಚಿಕೆ ಆಗ್ತದೆ. ಆದರೆ ನಿನ್ನೆ ಅದೇ ಮನುಷ್ಯ ಮತ್ತೊಂದು ರೆಕಾರ್ಡ್ ಮಾರಾಟಕ್ಕೆ ಹಾಕಿದ್ದನ್ನು ಗೆಳತಿ ಕಳಿಸಿದಳು. ಇನ್ನೂ ಬಾಯಿ ಮುಚ್ಚಿ ಕೂತರೆ ಮುಂದಿನವರಿಗೆ ಆಗುವ ಮೋಸದಲ್ಲಿ ನನ್ನ ಪಾಲೂ ಇರ್ತದೆ.

ನಾನು ಬದಿಯಡ್ಕದ ಹತ್ತಿರ ಮನೆಯಲ್ಲೇ ಪಿಟೀಲು ಹೇಳಿಕೊಡುವವಳು. ಹೈಸ್ಕೂಲು, ಕಾಲೇಜಿನ ಮಕ್ಕಳು ಬರುತ್ತಾರೆ. ಪಿಟೀಲು ಅಂದರೆ ಹಾಡುಗಾರರ ಹಿಂದೆ ಕೂತು ನುಡಿಸುವ ಪಕ್ಕವಾದ್ಯ ಅಂತಲೇ ಅವರ ಲೆಕ್ಕ. ಅದಕ್ಕೇ ನನಗೆ 'ಸೈಕೋ' ಬೇಕಿತ್ತು. ಹಿಚ್‌ಕಾಕ್ ನಿರ್ದೇಶಿಸಿದ 1960ರ ಸಿನಿಮಾ. ಬರ್ನಾರ್ಡ್ ಹರ್ಮನ್ ಅದಕ್ಕೆ ಬರೆದ ಸಂಗೀತದಲ್ಲಿ ತಂತಿವಾದ್ಯ ಬಿಟ್ಟು ಬೇರೇನೂ ಇಲ್ಲ. ತುತ್ತೂರಿ ಇಲ್ಲ, ಡೋಲು ಇಲ್ಲ, ಕೊಳಲಿಲ್ಲ. ಸ್ನಾನದ ಕೋಣೆಯ ಕೊಲೆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರಂತೆ ಹಿಚ್‌ಕಾಕ್. ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಆ ದೃಶ್ಯದ ಸಂಗೀತದಲ್ಲಿ ಕೇಳುವ ಕಿರುಚಾಟ ಪೂರ್ತಿ ಪಿಟೀಲಿನ ಕಮಾನಿನಿಂದ ಬರುವಂಥದ್ದು. ಸಿನಿಮಾ ತೋರಿಸುವುದು ಬೇಡ, ಸಂಗೀತ ಮಾತ್ರ ಕೇಳಿಸುವಾ ಅಂತ ಬಹಳ ವರ್ಷದ ಆಸೆ ನನ್ನದು. ಶುರುವಿನ ಸಂಗೀತವನ್ನು ಸಿನಿಮಾ ನೋಡಿ ನೋಡಿ ನಾನೇ ಸ್ವರ ಹಾಕಿ ದೊಡ್ಡ ಮಕ್ಕಳಿಗೆ ಕಲಿಸಿಯೂ ಆಗಿತ್ತು.

ಮಾರುವವನ ನಂಬರು ಪರಿಚಯದವರಿಂದಲೇ ಸಿಕ್ಕಿದ್ದು. ಮಾತೆಲ್ಲ ವಾಟ್ಸಾಪಿನಲ್ಲಿ. "ಅಕ್ಕಾ, 1960ರ ಒರಿಜಿನಲ್ ಸೌಂಡ್‌ಟ್ರ್ಯಾಕ್. ಸಿನಿಮಾದಲ್ಲಿ ಏನ್ ಕೇಳ್ತೀರೋ ಅದೇ. ಇಂಥದ್ದು ಕರ್ನಾಟಕದಲ್ಲಿ ಇನ್ನೊಂದು ಪೀಸ್ ಸಿಗಲ್ಲ." ನಾನು ಕೇಳಿದೆ, ಇದು ಆಮೇಲೆ ಹೊಸದಾಗಿ ನುಡಿಸಿ ಪುನಃ ರೆಕಾರ್ಡ್ ಮಾಡಿದ್ದು ಅಲ್ಲ ತಾನೇ? ಸ್ಪಷ್ಟವಾಗಿ ಕೇಳಿದೆ. "ಅಯ್ಯೋ ಇಲ್ಲ ಅಕ್ಕಾ, ಅಂಥ ಡೂಪ್ಲಿಕೇಟ್ ವ್ಯಾಪಾರ ನಾನ್ ಮಾಡಲ್ಲ." ಹೊದಿಕೆಯ ಹಿಂಬದಿಯ ಫೋಟೋ ಕೇಳಿದೆ. "ಪ್ಯಾಕ್ ಮಾಡ್ಬಿಟ್ಟೆ ಅಕ್ಕಾ, ಓಪನ್ ಮಾಡಿದ್ರೆ ಮತ್ತೆ ಕಷ್ಟ." ಹಣ ಕೊಡುವ ಮೊದಲೇ ಪ್ಯಾಕ್ ಮಾಡುವವರು ಯಾರಾದರೂ ಇದ್ದಾರಾ? ಅಲ್ಲೇ ನಿಲ್ಲಿಸಬೇಕಿತ್ತು. ಅಲ್ಲೇ. ನಾನು ಗೂಗಲ್ ಪೇ ಮಾಡಿದೆ.

ಪಾರ್ಸೆಲ್ ಮನೆವರೆಗೆ ಬರಲಿಲ್ಲ. ಮಳೆಯಲ್ಲಿ ಬಸ್ಸು ಹತ್ತಿ ಕಾಸರಗೋಡಿಗೆ ಹೋಗಿ ತಂದೆ. ಓಣಂ ರಜೆ, ಮಕ್ಕಳನ್ನೆಲ್ಲ ಮನೆಗೆ ಕರೆದೆ. ಅಣ್ಣನ ಹಳೇ ಪ್ಲೇಯರ್ ಒರೆಸಿ ಇಟ್ಟೆ. ಅರ್ಧ ಗಂಟೆ ಭಾಷಣವೂ ಮಾಡಿದೆ: ಇದು 1960ರಲ್ಲಿ ನುಡಿಸಿದ್ದು, ಇದೇ ಕೈಗಳು, ಇದೇ ಕಮಾನು ಅಂತ.

ಮುಳ್ಳು ಇಟ್ಟೆ. ನಾದ ಬಹಳ ಚಂದ ಇತ್ತು. ಒಂದು ಬದಿಯಿಂದ ಪಿಟೀಲು, ಇನ್ನೊಂದು ಬದಿಯಿಂದ ದೊಡ್ಡ ಪಿಟೀಲಿನಂಥ ಚೆಲ್ಲೋ, ಬೇರೆ ಬೇರೆಯಾಗಿ. ಸಿನಿಮಾದ ಧ್ವನಿ ಮೋನೋ, ಎಲ್ಲ ಒಟ್ಟಿಗೇ ಬರುವಂಥದ್ದು, ಇಲ್ಲಿ ಎರಡು ಬದಿಗೆ ಬೇರೆ ಬೇರೆ ಕೇಳುವ ಸ್ಟೀರಿಯೋ ಹೇಗೆ ಬಂತು ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪ್ಲಸ್ ಟು ಓದುವ ಹುಡುಗಿ ಕೈ ಎತ್ತಿದಳು. "ಟೀಚರೇ, ನಾವು ಬಾರಿಸುವುದು ಇದಕ್ಕಿಂತ ಬೇಗ ಅಲ್ವಾ?"

ನಾನು ಏನು ಹೇಳಿದೆ ಗೊತ್ತುಂಟಾ? "ಇದು ಒರಿಜಿನಲ್. ತಪ್ಪು ನಮ್ಮದು. ಇನ್ನು ಈ ಕಾಲದಲ್ಲೇ, ಇದೇ ವೇಗದಲ್ಲೇ ಅಭ್ಯಾಸ ಮಾಡಬೇಕು." ಮಕ್ಕಳು ಪಿಟೀಲು ತೆಗೆದು ಆ ನಿಧಾನ ಕಾಲದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದರು. ಸರಿಯಾಗಿ ನುಡಿಸುತ್ತಿದ್ದ ಮಕ್ಕಳನ್ನು ನಾನೇ ತಿದ್ದಿ ತಪ್ಪು ಮಾಡಿಸಿದೆ. ಆ ಹುಡುಗಿ ಮರುಮಾತಾಡದೆ ತಲೆ ಬಗ್ಗಿಸಿ ನುಡಿಸಿದ್ದು ಇನ್ನೂ ಕಣ್ಣ ಮುಂದೆ ಬರ್ತದೆ.

ರಾತ್ರಿ ಊಟ ಆದಮೇಲೆ ಕನ್ನಡಕ ಹಾಕಿ ಹೊದಿಕೆ ತಿರುಗಿಸಿದೆ. ಹಿಂಬದಿಯ ಕೆಳಗೆ ಬೆಲೆಯ ಸ್ಟಿಕ್ಕರ್. ಬೆಲೆಯ ಸ್ಟಿಕ್ಕರ್ ಅಷ್ಟು ಉದ್ದ ಯಾಕೆ? ಒದ್ದೆ ಬಟ್ಟೆ ಇಟ್ಟು ಮೆಲ್ಲ ಎಬ್ಬಿಸಿದೆ. ಅಡಿಯಲ್ಲಿ ಸಣ್ಣ ಅಕ್ಷರ. ನ್ಯಾಷನಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ. ಪಕ್ಕದಲ್ಲಿ ವೃತ್ತದೊಳಗೆ ಪಿ ಅಕ್ಷರ, ಅಂದರೆ ಆ ರೆಕಾರ್ಡಿಂಗ್ ಮೊದಲು ಹೊರಬಂದ ವರ್ಷದ ಗುರುತು, 1975. ನನ್ನ ಕೈಕಾಲು ತಣ್ಣಗಾಯ್ತು. ಹದಿನೈದು ವರ್ಷ ಕಳೆದು, ಇನ್ನೊಂದು ದೇಶದಲ್ಲಿ, ಬೇರೆ ಜನ ನುಡಿಸಿದ್ದು! ಆಮೇಲೆ ಕೂತು ಹುಡುಕಿದರೆ, 1960ರಲ್ಲಿ ಈ ಸಿನಿಮಾದ ಸಂಗೀತದ ಎಲ್‌ಪಿ ರೆಕಾರ್ಡ್ ಬಂದೇ ಇರಲಿಲ್ಲ. ಬರದೇ ಇದ್ದ ರೆಕಾರ್ಡನ್ನು ನನಗೆ ಮಾರಿದ್ದಾನೆ.

ಬೆಳಿಗ್ಗೆ ಆರು ಗಂಟೆಗೇ ಮೆಸೇಜ್ ಹಾಕಿದೆ. ಉತ್ತರ ಬಂದದ್ದು ಮಧ್ಯಾಹ್ನ. "ಹರ್ಮನ್ ಅವರೇ ಕಂಡಕ್ಟ್ ಮಾಡಿರೋದಲ್ವಾ ಮೇಡಂ? ಮತ್ತೆ ಒರಿಜಿನಲ್ ಅಲ್ದೆ ಇನ್ನೇನು?" ಹಣ ಕೊಡುವ ತನಕ ಅಕ್ಕ, ಕೊಟ್ಟ ಮೇಲೆ ಮೇಡಂ. ಸಿನಿಮಾದಲ್ಲಿ ಕೇಳುವುದೇ ಅಂತ ನೀವೇ ಹೇಳಿದ್ದಲ್ವಾ ಅಂದೆ. "ಟ್ಯೂನ್ ಅದೇ ತಾನೇ." ಸ್ಟಿಕ್ಕರ್ ಯಾಕೆ ಅಂಟಿಸಿದಿರಿ? "ಅದು ನಂಗೆ ಬಂದಾಗ್ಲೇ ಇತ್ತು." ಸ್ಟಿಕ್ಕರಿನಲ್ಲಿ ಇದ್ದದ್ದು ಅವನು ನನಗೆ ಹೇಳಿದ ಬೆಲೆಯೇ, 6,500! ಹಣ ವಾಪಸು ಕೊಡಿ, ರೆಕಾರ್ಡ್ ಕಳಿಸ್ತೇನೆ ಅಂದೆ. "ರಿಟರ್ನ್ ಇಲ್ಲ ಮೇಡಂ. ನೀವು ಮ್ಯೂಸಿಕ್ ಟೀಚರ್, ನಿಮ್ಗೆ ಕಿವಿ ಜಾಸ್ತಿ. ಬೇರೆ ಯಾರೂ ಇಷ್ಟು ಕೇಳಲ್ಲ." ಅಷ್ಟು ಹೇಳಿ ಬ್ಲಾಕ್ ಮಾಡಿದ. ಬೇರೆ ಯಾರೂ ಕೇಳುವುದಿಲ್ಲವಂತೆ! ಇದಕ್ಕೂ ಮೊದಲು ಎಷ್ಟು ಜನರಿಗೆ ಕೊಟ್ಟಿದ್ದಾನೋ.

ಒಂದು ಮಾತು ಹೇಳಬೇಕು. ಪುನಃ ರೆಕಾರ್ಡ್ ಮಾಡಿದ್ದೆಲ್ಲ ಕಳಪೆ ಅಂತ ನಾನು ಹೇಳುವುದಿಲ್ಲ. ನನ್ನ ಸಿಟ್ಟು ಅದರ ಮೇಲಲ್ಲ. ಹಳೇ ಸಿನಿಮಾಗಳ ಟೇಪು ಎಷ್ಟೋ ಹಾಳಾಗಿವೆ, ಕಳೆದುಹೋಗಿವೆ. ಅಮೆರಿಕದಲ್ಲಿ ಸಿನಿಮಾಕ್ಕೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮಾರಬೇಕಾದರೆ ವಾದ್ಯಗಾರರಿಗೆ ಮತ್ತೆ ಸಂಭಾವನೆ ಕೊಡಬೇಕೆಂಬ ನಿಯಮವೂ ಉಂಟು. ಹಾಗಾಗಿ ಲಂಡನ್ನಿನಲ್ಲಿ, ಪ್ರಾಗ್‌ನಲ್ಲಿ ಹೊಸದಾಗಿ ನುಡಿಸಿ ರೆಕಾರ್ಡ್ ಮಾಡುವ ಕ್ರಮ ಬೆಳೆಯಿತು. ಈ ನ್ಯಾಷನಲ್ ಫಿಲ್ಹಾರ್ಮೋನಿಕ್ ಸಂಗೀತ ಕಛೇರಿಗೆಂದು ಕಟ್ಟಿದ ತಂಡವಲ್ಲ, ರೆಕಾರ್ಡಿಂಗಿಗೆಂದೇ ಲಂಡನ್ನಿನ ಬೇರೆ ಬೇರೆ ಆರ್ಕೆಸ್ಟ್ರಾಗಳ ಒಳ್ಳೊಳ್ಳೆಯ ಕೈಗಳನ್ನು ಸೇರಿಸಿ ಮಾಡಿದ್ದು. ಆರ್ಕೆಸ್ಟ್ರಾ ನಡೆಸುವ ಚಾರ್ಲ್ಸ್ ಗೆರ್‌ಹಾರ್ಟ್ ಈ ತಂಡವನ್ನಿಟ್ಟುಕೊಂಡು 1972ರಲ್ಲಿ, ಹಳೇ ಹಾಲಿವುಡ್ ಸಿನಿಮಾಗಳಿಗೆ ಸಂಗೀತ ಬರೆದ ಕಾರ್ನ್‌ಗೋಲ್ಡ್ ಅವರ ಸಂಗೀತದ ರೆಕಾರ್ಡ್ ತಂದರು. ಅದನ್ನು ನಾನು ಕೇಳಿದ್ದೇನೆ. ಹಳೇ ಸಿನಿಮಾದ ಗರಗರ ಸದ್ದಿನಡಿ ಹೂತುಹೋಗಿದ್ದ ಒಂದೊಂದು ವಾದ್ಯವೂ ಎದ್ದು ಬಂದು ಎದುರು ಕೂರ್ತದೆ.

ಆದರೆ ಸಿನಿಮಾಕ್ಕೆ ನುಡಿಸುವುದು ಬೇರೆ. ಅಲ್ಲಿ ಚಿತ್ರ ಓಡುತ್ತಿರ್ತದೆ, ಸೆಕೆಂಡು ತಪ್ಪುವ ಹಾಗಿಲ್ಲ. ಚಿತ್ರ ಎದುರಿಗಿಲ್ಲದಾಗ ಕಾಲ ತನ್ನಷ್ಟಕ್ಕೆ ಅಗಲ ಆಗ್ತದೆ. ಆರ್ಕೆಸ್ಟ್ರಾ ನಡೆಸಿದ ಹರ್ಮನ್ ಅವರೇ 1975ರಲ್ಲಿ ನಿಧಾನ ಮಾಡಿದ್ದಾರೆ. ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ತನ್ನ ಸಂಗೀತವನ್ನು ಅವರು ಹೀಗೆ ಕೇಳಿಸಿಕೊಂಡರು ಅಂತ ಗೊತ್ತಿದ್ದು ಕೇಳಿದ್ದರೆ ನಾನು ಕಣ್ಣೀರು ಹಾಕುತ್ತಿದ್ದೆ. ಮಕ್ಕಳಿಗೆ ಎರಡನ್ನೂ ಹೋಲಿಸಿ ಹೇಳಿಕೊಡುತ್ತಿದ್ದೆ. ಆ ಅವಕಾಶವನ್ನು ಇವನು ಕಿತ್ತುಕೊಂಡ. ರೆಕಾರ್ಡ್ ಮಾಡಿದವರು ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿದ್ದಾರೆ. ಸ್ಟಿಕ್ಕರ್ ಅಂಟಿಸಿದ್ದು ಇವನು.

ಕ್ಯಾಸೆಟ್ ಕಾಲದಲ್ಲೂ ಇದನ್ನೇ ಅನುಭವಿಸಿದವರು ನಾವು. ಮುಖಪುಟದಲ್ಲಿ ನಾಯಕನ ಚಿತ್ರ, ಒಳಗೆ ಬೇರೆ ಯಾರದೋ ಗಂಟಲು. ಕವರ್ ವರ್ಷನ್, ಅಂದರೆ ಬೇರೆಯವರು ಪುನಃ ಹಾಡಿದ್ದು, ಆದರೆ ಹಾಗಂತ ಹೊದಿಕೆಯ ಮೇಲೆ ಬರೆಯಲೇಬೇಕು ಅಂತ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದರು. ಬರೆದದ್ದನ್ನೇ ಮುಚ್ಚುವವರಿಗೆ ಏನು ಮಾಡುವುದು?

ತಗೊಳ್ಳುವವರು ಹಿಂಬದಿಯ ಫೋಟೋ ಕೇಳಿ, ನಡುವಿನ ಲೇಬಲಿನ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ, ಎಂಥ ಅಪರೂಪದ್ದಾದರೂ ಬೇಡ. ವೃತ್ತದೊಳಗಿನ ಪಿ ಪಕ್ಕದ ವರ್ಷ ಓದಿ, ಆರ್ಕೆಸ್ಟ್ರಾ ಯಾವುದು ನೋಡಿ. ಅಕ್ಕ, ಅಣ್ಣ ಅಂತ ಕರೆದರೆ ಕರಗಬೇಡಿ.

ಮಕ್ಕಳಿಗೆ ನಿನ್ನೆ ಸಂಜೆ ನಿಜ ಹೇಳಿದೆ. ಆ ಹುಡುಗಿಯ ಹತ್ತಿರ ಎಲ್ಲರೆದುರೇ ತಪ್ಪಾಯ್ತು ಅಂದೆ. ನಾವು ಮೊದಲು ಬಾರಿಸುತ್ತಿದ್ದ ವೇಗದಲ್ಲೇ ಮತ್ತೆ ಶುರು ಮಾಡಿದ್ದೇವೆ.

ಈಗ ಅವನು ಹಾಕಿರುವುದು 'ಸ್ಟಾರ್ ವಾರ್ಸ್', "1977ರ ಒರಿಜಿನಲ್", ಬೆಲೆ 8,000. ಅಸಲಿನದ್ದು ಅದರ ಸಂಗೀತ ಬರೆದ ಜಾನ್ ವಿಲಿಯಮ್ಸ್ ಅವರೇ ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ ನುಡಿಸಿದ್ದು, ಎರಡು ಎಲ್‌ಪಿಯ ಜೋಡಿ. ಬೇರೆ ಆರ್ಕೆಸ್ಟ್ರಾಗಳು ನುಡಿಸಿದ ರೆಕಾರ್ಡುಗಳೂ ಅದರ ಬೆನ್ನಿಗೇ ಬಂದಿದ್ದವು. ಅವನ ಫೋಟೋದಲ್ಲಿ ಇರುವುದು ಒಂದೇ ಎಲ್‌ಪಿ. ಕೆಳಗೆ ಅದೇ ಉದ್ದದ ಸ್ಟಿಕ್ಕರ್.