ಬಟ್ಟೆ, ತ್ರೀ ಪ್ಲೈ, ಎನ್‌95: ಮೆಡಿಕಲ್ ಅಂಗಡಿಯ ಕೌಂಟರ್‌ನಿಂದ ಒಂದು ಹೋಲಿಕೆ

ಮಳೆಗಾಲ ಶುರುವಾಗಿ ಊರೆಲ್ಲಾ ಕೆಮ್ಮು ಹಬ್ಬಿದಾಗ ನಮ್ಮ ಅಂಗಡಿಗೆ ಬರುವವರು ಈಗಲೂ ಕೇಳುತ್ತಾರೆ: "ಅಕ್ಕಾ, ಯಾವ ಮಾಸ್ಕ್ ಒಳ್ಳೇದು?" ದಾವಣಗೆರೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಕೊರೊನಾ ಕಾಲದಲ್ಲಿ ಊರಿಗೆ ಊರೇ ಬಾಗಿಲು ಹಾಕಿದ್ದರೂ ಔಷಧಿ ಅಂಗಡಿ ಮುಚ್ಚುವಂತಿರಲಿಲ್ಲ. ಜ್ವರ ಬಂದವರು ಮೊದಲು ಬರುತ್ತಿದ್ದುದೇ ನಮ್ಮ ಕೌಂಟರ್‌ಗೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಅತ್ತೆ. ಹಾಗಾಗಿ ಆಗ ಮಾರುಕಟ್ಟೆಗೆ ಬಂದ ಬಹುತೇಕ ಎಲ್ಲವನ್ನೂ ಹಾಕಿಕೊಂಡು, ಬೆಳಗಿನಿಂದ ರಾತ್ರಿವರೆಗೆ ನಿಂತು ನೋಡಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಾಸ್ಕಿನ ಹೆಸರಿಗಿಂತ ಅದರ ಅಂಚು ಮುಖ್ಯ. ಅಂಚು ಮುಖಕ್ಕೆ ಕೂರದ ಕಡೆಯಿಂದೆಲ್ಲಾ ಗಾಳಿ ಸೋಸದೆಯೇ ಒಳಗೆ ಬರುತ್ತದೆ. ಎಷ್ಟೇ ದುಬಾರಿ ಮಾಸ್ಕ್ ಆದರೂ ಅಷ್ಟೇ.

ಬಟ್ಟೆ ಮಾಸ್ಕಿನಿಂದ ಶುರು ಮಾಡೋಣ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಅದೇ ತಿಂಗಳು ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಟೂ ಪ್ಲೈ (ಎರಡು ಪದರದ) ಮಾಸ್ಕಿಗೆ 8 ರೂಪಾಯಿ, ತ್ರೀ ಪ್ಲೈಗೆ (ಮೂರು ಪದರದ್ದಕ್ಕೆ) 10, 200 ಮಿಲಿ ಸ್ಯಾನಿಟೈಸರ್‌ಗೆ 100 ಎಂದು ಬೆಲೆಯನ್ನೂ ಕಟ್ಟಿತು. ಆದರೆ ಬೆಲೆ ಕಟ್ಟಿದರೇನು, ಮಾಲು ಬರಬೇಕಲ್ಲ! ಆಗ ಕೈ ಹಿಡಿದವರು ಟೈಲರ್‌ಗಳು. ಬ್ಲೌಸ್ ಪೀಸಿನಲ್ಲಿ, ಹಳೇ ಪಂಚೆಯಲ್ಲಿ ರಾತ್ರಿಯೆಲ್ಲಾ ಕೂತು ಹೊಲಿದುಕೊಟ್ಟರು. ನಾನೂ ಅದನ್ನೇ ಹಾಕಿಕೊಂಡೆ. ಮೆತ್ತಗಿರುತ್ತದೆ, ಒಗೆಯಬಹುದು, ಕಿವಿ ನೋಯುವುದಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಬಾಯಿಯ ಹತ್ತಿರ ಒದ್ದೆಯಾಗಿ ಅಂಟಿಕೊಳ್ಳುತ್ತಿತ್ತು. ಮೂಗಿನ ಮೇಲೆ ತಂತಿ ಇಲ್ಲದ್ದರಿಂದ ಕನ್ನಡಕದ ತುಂಬಾ ಆವಿ. ಚೀಟಿ ಓದಲೇ ಆಗುತ್ತಿರಲಿಲ್ಲ. ಆ ಆವಿಯೇ ಸಾಕ್ಷಿ: ಉಸಿರು ಬಟ್ಟೆಯ ಮೂಲಕ ಹೋಗದೆ ಮೂಗಿನ ಪಕ್ಕದ ಸಂದಿಯಿಂದ ಮೇಲೆ ಹೋಗುತ್ತಿದೆ. ಹೋಗುವ ದಾರಿಯೇ ಬರುವ ದಾರಿ ಕೂಡ.

ತ್ರೀ ಪ್ಲೈ ಸಿಗತೊಡಗಿದ ಮೇಲೆ ಬಟ್ಟೆ ಬಿಟ್ಟೆ. ಇದರ ಗುಣ ತಿಳಿಯಬೇಕಾದರೆ ಒಂದನ್ನು ಕತ್ತರಿಯಿಂದ ಕತ್ತರಿಸಿ ನೋಡಿ. ಹೊರಗಿನ ನೀಲಿ ಪದರದ ಮೇಲೆ ನೀರಿನ ಹನಿ ಇಟ್ಟರೆ ಹೀರಿಕೊಳ್ಳದೆ ಉರುಳುತ್ತದೆ. ಒಳಗಿನ ಪದರ ಬೆವರು ಹೀರುತ್ತದೆ. ಕೆಲಸ ಮಾಡುವುದು ಇವೆರಡರ ನಡುವೆ ಇರುವ, ಬಿಳಿ ಕಾಗದದಂತೆ ಕಾಣುವ ಮೆಲ್ಟ್‌ಬ್ಲೋನ್ ಪದರ, ಅಂದರೆ ಕರಗಿಸಿದ ಪ್ಲಾಸ್ಟಿಕ್ಕಿನ ತೀರಾ ತೆಳು ಎಳೆಗಳಿಂದ ಮಾಡಿದ್ದು. ಅದರ ಎಳೆಗಳಲ್ಲಿ ಸ್ಥಿರ ವಿದ್ಯುತ್ ಇರುತ್ತದೆ. ತೀರಾ ಸಣ್ಣ ಕಣಗಳನ್ನೂ ಅದು ಎಳೆದು ಹಿಡಿದುಕೊಳ್ಳುತ್ತದೆ. ಆಗ ನಮ್ಮ ಅಂಗಡಿಗೆ ಬಂದ ಕೆಲವು ಡಬ್ಬಗಳಲ್ಲಿ ಈ ನಡುವಿನ ಪದರವೇ ಇರಲಿಲ್ಲ. ಎರಡೇ ಪದರ, ಬೆಲೆ ಮಾತ್ರ ಮೂರರದ್ದು. ಅದನ್ನು ನಂಬಿಕೊಂಡು ಜನ ಆಸ್ಪತ್ರೆ ವಾರ್ಡಿಗೆ ಹೋಗುತ್ತಿದ್ದರಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಅಂದಿನಿಂದ ಹೊಸ ಡಬ್ಬ ಬಂದಾಗ ಒಂದನ್ನು ಕತ್ತರಿಸಿ ನೋಡಿಯೇ ಮಾರುತ್ತೇನೆ.

ಬಟ್ಟೆಗೂ ತ್ರೀ ಪ್ಲೈಗೂ ವ್ಯತ್ಯಾಸ ಇದೆ ಎನ್ನಲು ನನ್ನ ಅನುಭವ ಒಂದೇ ಸಾಲದು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, 3 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗ ನಡೆಯಿತು. ಅದರ ಫಲಿತಾಂಶ 2021ರಲ್ಲಿ ಬಂತು. ಸರ್ಜಿಕಲ್ ಮಾಸ್ಕ್ (ತ್ರೀ ಪ್ಲೈಗೇ ಇನ್ನೊಂದು ಹೆಸರು) ಹಂಚಿದ ಹಳ್ಳಿಗಳಲ್ಲಿ ರೋಗಲಕ್ಷಣವಿದ್ದ ಕೊರೊನಾ ಸುಮಾರು 11% ಕಡಿಮೆಯಾಗಿತ್ತು. 60 ದಾಟಿದವರಲ್ಲಿ ಸುಮಾರು 35%. ಬಟ್ಟೆ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. 11% ಅಷ್ಟೇನಾ ಅನ್ನಿಸಬಹುದು. ಆದರೆ ಅಲ್ಲಿ ಎಷ್ಟೇ ತಿಳಿಸಿ ಹೇಳಿದರೂ ಸರಿಯಾಗಿ ಮಾಸ್ಕ್ ಹಾಕಿದವರು ಅರ್ಧದಷ್ಟೂ ಇರಲಿಲ್ಲ. ಅದನ್ನು ನೆನಪಿಟ್ಟು ಲೆಕ್ಕ ಓದಬೇಕು.

ತ್ರೀ ಪ್ಲೈಯ ತೊಂದರೆ ಕೆನ್ನೆಯ ಪಕ್ಕದಲ್ಲಿ. ಸಣ್ಣ ಮುಖದವರಿಗೆ ಎರಡೂ ಕಡೆ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಇದಕ್ಕೆ ಎರಡು ಉಪಾಯ ಮಾಡಿ ನೋಡಿದೆ. ಮೊದಲನೆಯದು ಗಂಟು: ಮಾಸ್ಕನ್ನು ಉದ್ದಕ್ಕೆ ಅರ್ಧ ಮಡಚಿ, ಕಿವಿದಾರ ಮಾಸ್ಕಿಗೆ ಸೇರುವ ಜಾಗದಲ್ಲೇ ಗಂಟು ಹಾಕಿ, ಪಕ್ಕದಲ್ಲಿ ಉಬ್ಬುವ ಮಡಿಕೆಯನ್ನು ಒಳಗೆ ತೂರಿಸುವುದು. ಖರ್ಚಿಲ್ಲ, ಮುಖಕ್ಕೆ ಚೆನ್ನಾಗಿ ಕೂರುತ್ತದೆ. ದೊಡ್ಡ ಮುಖದ ನಮ್ಮ ಯಜಮಾನರಿಗೆ ಮಾತ್ರ ಆಗಲಿಲ್ಲ, ಗಂಟು ಹಾಕಿದರೆ ಗಲ್ಲ ಮುಚ್ಚುವುದಿಲ್ಲ. ಅವರಿಗೆ ಎರಡನೆಯ ಉಪಾಯ ಹೊಂದಿತು: ಒಳಗೆ ತ್ರೀ ಪ್ಲೈ, ಮೇಲೆ ಬಿಗಿಯಾದ ಬಟ್ಟೆ ಮಾಸ್ಕ್. ಸೋಸುವ ಕೆಲಸ ಒಳಗಿನದ್ದು, ಅಂಚು ಒತ್ತಿ ಹಿಡಿಯುವ ಕೆಲಸ ಹೊರಗಿನದ್ದು. ಎರಡು ತ್ರೀ ಪ್ಲೈ ಒಂದರ ಮೇಲೊಂದು ಹಾಕುವವರನ್ನು ತುಂಬಾ ನೋಡಿದೆ. ಅದು ಸುಮ್ನೆ ದಂಡ, ಸಂದಿ ಹಾಗೇ ಉಳಿಯುತ್ತದೆ.

2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು. ಬೆಡ್‌ಗಾಗಿ, ಆಕ್ಸಿಜನ್‌ಗಾಗಿ ಜನ ಅಲೆಯುತ್ತಿದ್ದ ಆ ದಿನಗಳಲ್ಲಿ ನಾನು ಪೂರ್ತಿ ಎನ್‌95ಗೆ ಬದಲಾದೆ. 0.3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಅಳತೆಯ ಕಣಗಳಲ್ಲಿ ಕನಿಷ್ಠ 95% ತಡೆಯಬೇಕು ಎಂಬುದು ಅದರ ಷರತ್ತು. ನಮ್ಮಲ್ಲಿ ಕೊಳ್ಳುವಾಗ ಐಎಸ್ 9473 ಮತ್ತು ಎಫ್‌ಎಫ್‌ಪಿ2 ಎಂದು ಮಾಸ್ಕಿನ ಮೇಲೆ ಅಚ್ಚಾಗಿದೆಯೇ ನೋಡಿ. ಮೊದಲನೆಯದು ಭಾರತೀಯ ಮಾನಕದ ಸಂಖ್ಯೆ, ಎರಡನೆಯದು ಅದರಲ್ಲಿ ಎನ್‌95ಗೆ ಹತ್ತಿರದ ದರ್ಜೆ. ಬರೀ "ಎನ್‌95" ಎಂಬ ಸ್ಟಿಕರ್ ಅಂಟಿಸಿದ್ದನ್ನು ಹಾಗೇ ನಂಬಬೇಡಿ.

ಇದರಲ್ಲೂ ಎರಡು ಜಾತಿ. ಕಿವಿಗೆ ಹಾಕುವ ದಾರದ್ದು, ತಲೆಗೆ ಹಾಕುವ ಪಟ್ಟಿಯದ್ದು. ಕಿವಿದಾರದ್ದು ಹಾಕಲು ಸುಲಭ. ಆದರೆ ಸಂಜೆಯ ಹೊತ್ತಿಗೆ ಕಿವಿಯ ಹಿಂದೆ ಚರ್ಮ ಕೆಂಪಾಗುತ್ತಿತ್ತು, ತೆಗೆಯುವಾಗ ಓಲೆಗೆ ಸಿಕ್ಕಿಕೊಳ್ಳುತ್ತಿತ್ತು. ಮಾತಾಡಿದಾಗೆಲ್ಲಾ ಗಲ್ಲದ ಹತ್ತಿರ ಸಡಿಲ. ತಲೆಪಟ್ಟಿಯದ್ದು ಹಾಕಲು ಸ್ವಲ್ಪ ತಾಳ್ಮೆ ಬೇಕು. ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದು ಕಿವಿಯ ಕೆಳಗಿಂದ ಕುತ್ತಿಗೆಗೆ. ಜಡೆ ಇರುವವರು ಕೆಳಪಟ್ಟಿಯನ್ನು ಜಡೆಯ ಒಳಗಿಂದ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಜಾರುತ್ತದೆ. ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಬಾರದು. ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಪಕ್ಕಕ್ಕೆ ಒತ್ತುತ್ತಾ ಹೋಗಬೇಕು. ಆಮೇಲೆ ಎರಡೂ ಅಂಗೈಗಳನ್ನು ಮಾಸ್ಕಿನ ಮೇಲೆ ಬೊಗಸೆಯಾಗಿ ಇಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ ಮತ್ತೆ ಒತ್ತಿ. ತಲೆಪಟ್ಟಿಯದ್ದು ಸರಿಯಾಗಿ ಕೂತ ದಿನ ಕನ್ನಡಕದ ಮೇಲೆ ಒಂದು ಚೂರೂ ಆವಿ ಇರಲಿಲ್ಲ. ಇಡೀ ಹೋಲಿಕೆಯಲ್ಲಿ ನನ್ನ ಮೊದಲ ಸ್ಥಾನ ಇದಕ್ಕೇ. ಗಡ್ಡ ಬಿಟ್ಟವರಿಗೆ ಮಾತ್ರ ಇದೂ ಪೂರ್ತಿ ಕೂರುವುದಿಲ್ಲ, ಹೇಳಿಬಿಡುತ್ತೇನೆ.

ಮುಂದೆ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಇರುವ ವಾಲ್ವ್ ಮಾಸ್ಕನ್ನೂ ಹಾಕಿದ್ದೆ. ಸೆಕೆಗೆ ನಿಜಕ್ಕೂ ಹಾಯಾಗಿತ್ತು. ಆದರೆ ನಾವು ಬಿಟ್ಟ ಉಸಿರು ಸೋಸದೆ ಹೊರಗೆ ಹೋಗುತ್ತದೆ. ನಮಗೇ ಸೋಂಕಿದ್ದರೆ ಎದುರಿಗಿರುವವರ ಗತಿಯೇನು? 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಇದನ್ನು ಬಳಸಬೇಡಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ನಮ್ಮ ಅಂಗಡಿಯಲ್ಲಿ ತರಿಸುವುದನ್ನು ಅಂದೇ ನಿಲ್ಲಿಸಿದೆವು.

ಫೇಸ್ ಶೀಲ್ಡ್ ಎಂಜಲು ಹಾರಿದರೆ ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಮಾಸ್ಕಿನ ಜೊತೆಗೆ ಸರಿ, ಬದಲಿಗೆ ಅಲ್ಲ. ಗ್ಲೌಸ್‌ಗಿಂತ ಕೈ ತೊಳೆಯುವುದು ಎಷ್ಟೋ ಮೇಲು. ಅದೇ ಗ್ಲೌಸಿನಲ್ಲಿ ದುಡ್ಡು, ಮೊಬೈಲು, ಮೂಗು ಎಲ್ಲಾ ಮುಟ್ಟುತ್ತೇವೆ. ಸೋಪೋ ಸ್ಯಾನಿಟೈಸರೋ? ನೀರು ಇರುವ ಕಡೆ ಸೋಪು. 20 ಸೆಕೆಂಡು ಉಜ್ಜಿದರೆ ವೈರಸ್ಸಿನ ಮೇಲಿರುವ ಕೊಬ್ಬಿನ ಹೊದಿಕೆ ಒಡೆಯುತ್ತದೆ. ಬಸ್ಸಿನಲ್ಲಿ, ಕೌಂಟರ್‌ನಲ್ಲಿ ಸ್ಯಾನಿಟೈಸರ್, ಆಲ್ಕೋಹಾಲ್ ಕನಿಷ್ಠ 60% ಇರುವಂಥದ್ದು. ಕಷಾಯ ನಾನೂ ಕುಡಿದೆ. ಗಂಟಲಿಗೆ ಹಿತ, ಅಷ್ಟೇ. ಕಷಾಯ ಕುಡಿದಿದ್ದೇನೆ ಅಂತ ಮಾಸ್ಕ್ ಕೆಳಗಿಳಿಸುವವರನ್ನು ಕಂಡರೆ ಮಾತ್ರ ಬೇಸರವಾಗುತ್ತಿತ್ತು.

ಮಾಸ್ಕಿನಷ್ಟೇ ಲಾಭ ಕೊಟ್ಟದ್ದು ಗಾಳಿಯ ವ್ಯವಸ್ಥೆ. ಮೊದಲು ಕೌಂಟರ್ ಮುಂದೆ ಪ್ಲಾಸ್ಟಿಕ್ ಪರದೆ ಕಟ್ಟಿದ್ದೆವು. ಬೆಳಗ್ಗೆ ದೇವರ ಫೋಟೋಗೆ ಹಚ್ಚಿದ ಊದುಬತ್ತಿಯ ಹೊಗೆಯನ್ನು ಒಂದು ದಿನ ಗಮನಿಸಿದೆ. ಪರದೆಯ ಮೇಲಿಂದ ದಾಟಿ, ಎರಡೂ ಕಡೆ ನೀಲಿಯಾಗಿ ನಿಂತುಬಿಟ್ಟಿತ್ತು. ಸೋಂಕಿತರ ಉಸಿರಿನ ಸಣ್ಣ ಕಣಗಳೂ ಹೀಗೇ ತೇಲುತ್ತವೆ. ಪರದೆ ತೆಗೆದು, ಗೋಡೌನಿನ ಹಿಂಬಾಗಿಲು ತೆರೆದು, ಪೆಡೆಸ್ಟಲ್ ಫ್ಯಾನನ್ನು ನಮ್ಮ ಬೆನ್ನ ಹಿಂದೆ ಬೀದಿಯ ಕಡೆಗೆ ತಿರುಗಿಸಿ ಇಟ್ಟೆವು. ಹೊಗೆ ನೋಡುನೋಡುತ್ತಲೇ ರಸ್ತೆಗೆ ಹೋಯಿತು. 2021ರ ಮೇ ತಿಂಗಳಲ್ಲಿ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ ಇದನ್ನೇ ಹೇಳಿತು: ದೊಡ್ಡ ಹನಿಗಳು 2 ಮೀಟರ್ ಒಳಗೆ ಬೀಳುತ್ತವೆ, ಸಣ್ಣ ಕಣಗಳು 10 ಮೀಟರ್‌ವರೆಗೂ ಹೋಗಬಹುದು, ಕಿಟಕಿ ಬಾಗಿಲು ತೆರೆದಿಡಿ. ಗ್ರಾಹಕರನ್ನು ಅಂಗಡಿಯೊಳಗೆ ಕರೆಯದೆ ಮೆಟ್ಟಿಲ ಮೇಲೇ ನಿಲ್ಲಿಸಿದ್ದೂ ಇದೇ ಕಾರಣಕ್ಕೆ.

ಈಗ ನಾನು ಕೊಡುವುದು ಹೀಗೆ. ರೋಗಿ ನೋಡಿಕೊಳ್ಳುವವರಿಗೆ, ಆಸ್ಪತ್ರೆಗೆ ಹೋಗುವವರಿಗೆ, ರಶ್ ಬಸ್ಸಿನವರಿಗೆ ತಲೆಪಟ್ಟಿಯ ಎನ್‌95. ಅದನ್ನು ತಡೆದುಕೊಳ್ಳಲಾರೆ, ಪದೇ ಪದೇ ಕೆಳಗೆ ಎಳೆಯುತ್ತೇನೆ ಅನ್ನುವವರಿಗೆ ಗಂಟು ಹಾಕಿದ ತ್ರೀ ಪ್ಲೈ. ಗಂಟನ್ನು ಕೌಂಟರ್‌ನಲ್ಲೇ ಹಾಕಿ ತೋರಿಸುತ್ತೇನೆ. ಎನ್‌95 ಒಯ್ಯುವವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ: ಒಗೆಯಬೇಡಿ, ಸ್ಯಾನಿಟೈಸರ್ ಹೊಡೆಯಬೇಡಿ, ತ್ರೀ ಪ್ಲೈಯಂತೆ ಇದರಲ್ಲೂ ಇರುವ, ಕಣ ಹಿಡಿಯುವ ಸ್ಥಿರ ವಿದ್ಯುತ್ ಹೋಗಿಬಿಡುತ್ತದೆ. ಐದು ಮಾಸ್ಕ್ ಇಟ್ಟುಕೊಂಡು ದಿನಕ್ಕೊಂದರಂತೆ ಬಳಸಿ, ಮಿಕ್ಕವನ್ನು ಬೇರೆ ಬೇರೆ ಕಾಗದದ ಕವರಿನಲ್ಲಿಡಿ. ಪಟ್ಟಿ ಸಡಿಲವಾದರೆ, ಒದ್ದೆಯಾದರೆ, ಕೊಳೆಯಾದರೆ ಅದರ ಕೆಲಸ ಮುಗಿಯಿತು. ಎಸೆಯುವ ಮೊದಲು ಯಾರೂ ಮತ್ತೆ ಬಳಸದಂತೆ ಕತ್ತರಿಸಿ, ಕಾಗದದ ಕವರಿನಲ್ಲಿ 72 ಗಂಟೆ ಇಟ್ಟು, ಆಮೇಲೆ ಒಣ ಕಸಕ್ಕೆ ಹಾಕಿ. ಕಸದ ಗಾಡಿಯಲ್ಲಿ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರು ಇರುತ್ತಾರೆ.