ಮಗಳನ್ನು ಸೀರೆ ಶೂಟ್‌ಗೆ ಕಳಿಸುವವರೇ, ಮೊದಲು ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಸಣ್ಣಪುಟ್ಟ ಸೀರೆ ಅಂಗಡಿಯವರು, ಬೊಟಿಕ್‌ನವರು ಇನ್‌ಸ್ಟಾಗ್ರಾಂ ಜಾಹೀರಾತಿಗೆ ಕಾಲೇಜು ಹುಡುಗಿಯರನ್ನೇ ಮಾಡೆಲ್ ಆಗಿ ಕರೆಯುತ್ತಾರೆ. ನಿಮ್ಮ ಮನೆಗೂ ಅಂಥ ಫೋನ್ ಬಂದರೆ, ದುಡ್ಡೆಷ್ಟು ಎಂದು ಕೇಳುವ ಮೊದಲು ಫೋಟೋದಲ್ಲಿ ಏನೇನು ತಿದ್ದುತ್ತೀರಿ ಎಂದು ಕೇಳಿ. ನಮ್ಮಕ್ಕನ ಮಗಳಿಗೆ ಆದದ್ದು ಮತ್ತೊಬ್ಬರಿಗೆ ಆಗಬಾರದು.

ಹೋದ ದೀಪಾವಳಿಗೆ ಮೊದಲು ಹುಬ್ಬಳ್ಳಿಯ ಒಂದು ಬೊಟಿಕ್‌ನವರು ಕಸೂತಿ ಸೀರೆಗಳ ಶೂಟ್‌ಗೆ ಅವಳನ್ನು ಕರೆದರು. ಉಣಕಲ್ ಕೆರೆಯ ದಂಡೆ, ಬೆಳಗಿನ ಬಿಸಿಲು, ಜೊತೆಗೆ ನಾನೂ ಇದ್ದೆ. ಅವಳು ಉಟ್ಟದ್ದು ಚಂದ್ರಕಾಳಿ ಸೀರೆ. ಕಪ್ಪು ಒಡಲಿನ ಮೇಲೆ ಕೆಂಪು, ಹಸಿರು, ಕೇಸರಿ ದಾರದ ಗೋಪುರ, ತೇರು, ಆನೆ. ನಮ್ಮ ಹುಡುಗಿ ಕಪ್ಪು, ತುಂಬಿದ ಮೈ, ಗಲ್ಲದ ಮೇಲೊಂದು ಮಚ್ಚೆ. ಆ ಸೀರೆ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆಮೇಲೆ ಅವರು ಹಾಕಿದ ಫೋಟೋದಲ್ಲಿ ಇದ್ದವಳು ಬೇರೆ ಯಾರೋ. ಮೈಬಣ್ಣ ಬಿಳುಚಿಕೊಂಡಿತ್ತು, ಮಚ್ಚೆ ಮಾಯವಾಗಿತ್ತು, ತೋಳು ಸಣ್ಣಗಾಗಿದ್ದವು, ನಡು ಎರಡೂ ಕಡೆಯಿಂದ ಒಳಗೆ ಹೋಗಿತ್ತು. ಅವಳನ್ನು ಬೆಳ್ಳಗೆ ಮಾಡುವ ಭರದಲ್ಲಿ ಇಡೀ ಚಿತ್ರವನ್ನೇ ಬೆಳಗಿಸಿ, ಚಂದ್ರಕಾಳಿಯ ಕಪ್ಪನ್ನು ಬೂದಿ ಬಣ್ಣಕ್ಕೆ ಇಳಿಸಿದ್ದರು.

ಕಸೂತಿಯೇ ಅವರ ಕೆಲಸವನ್ನು ಬಯಲು ಮಾಡಿತು. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಗೋಪುರದ ಎಡಕ್ಕೆ ಎಷ್ಟು ಮೆಟ್ಟಿಲೋ ಬಲಕ್ಕೂ ಅಷ್ಟೇ, ಅಗಲವೂ ಅಷ್ಟೇ. ಫೋಟೋದಲ್ಲಿ ಸೆರಗಿನ ಗೋಪುರ ನೆಟ್ಟಗಿತ್ತು, ನಡುವಿನ ಹತ್ತಿರದ ಗೋಪುರ ಮಾತ್ರ ಒಂದು ಬದಿಗೆ ಒತ್ತಿಕೊಂಡು ವಾಲಿತ್ತು. ಸಾಫ್ಟ್‌ವೇರ್‌ನಲ್ಲಿ ಮೈಯನ್ನು ಒಳಕ್ಕೆ ತಳ್ಳಿದರೆ ಮೇಲಿನ ಬಟ್ಟೆಯೂ ಜೊತೆಗೆ ಜಗ್ಗುತ್ತದೆ. ಸಾದಾ ಸೀರೆಯಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಸೀರೆಗೆ ಕಸೂತಿ ಹಾಕಿದ ಧಾರವಾಡದ ಮಹಿಳೆಗೆ ಫೋಟೋ ತೋರಿಸಿದೆ. ಎರಡು ಬೆರಳಿಂದ ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದರು. “ಇದು ನಾ ಹಾಕಿದ್ದಲ್ಲ ಬಿಡ್ರಿ. ಒಂದ್ ಎಳಿ ಎಣಿಕಿ ತಪ್ಪಿದ್ರೂ ಬಿಚ್ಚಿ ಮತ್ತ ಹಾಕ್ತೀನಿ ನಾ. ಇದನ್ನ ನೋಡಿದವ್ರು, ಈಕಿಗೆ ಕೆಲಸಾನ ಬರೂದಿಲ್ಲ ಅಂತಾರ” ಎಂದರು. ಹುಡುಗಿಯ ನಡು ತಿದ್ದಲು ಹೋಗಿ, ಕಣ್ಣು ಬಸಿದು ದುಡಿದ ಹೆಂಗಸಿನ ಹೆಸರಿಗೂ ಮಸಿ ಬಳಿದಿದ್ದರು.

ಬೊಟಿಕ್‌ನವರನ್ನು ಕೇಳಿದರೆ, “ಎಲ್ಲಾರೂ ಮಾಡೂದ ರೀ ಮೇಡಮ್, ಬೆಳ್ಳಗ ಕಂಡ್ರನ ಸೀರಿ ಹೋಗ್ತಾವ” ಎಂಬ ಉತ್ತರ. ಮೇಲಿಂದ ಮೇಲೆ ಫೋನ್ ಮಾಡಿದ ಮೇಲೆ ಕೆಲವು ಫೋಟೋ ತೆಗೆದರು. ಅಷ್ಟರಲ್ಲಿ ಅವು ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿದ್ದವು. ಗದಗಿನಲ್ಲಿ ಒಂದು ಮದುವೆಗೆ ಹೋದಾಗ ಬೀಗರ ಪೈಕಿಯ ಹಿರಿಯರೊಬ್ಬರು ಎಲ್ಲರೆದುರು ಅವಳ ಗಲ್ಲ ಹಿಡಿದು, “ಫೋಟೋದಾಗ ಎಷ್ಟ್ ಬೆಳ್ಳಗಿದ್ದೆವ್ವಾ, ಈಗ್ಯಾಕ ಹಿಂಗಾಗೀದಿ?” ಎಂದರು. ರಾತ್ರಿ ಅವಳು ನನ್ನನ್ನು ಕೇಳಿದಳು: “ಚಿಗವ್ವಾ, ನನ್ನ ಮಚ್ಚಿ ಅಷ್ಟ್ ಕೆಟ್ಟ ಕಾಣ್ತೈತೇನು?” ಅಲ್ಲಿಯವರೆಗೆ ಅವಳಿಗೆ ಆ ಮಚ್ಚೆಯ ಯೋಚನೆಯೇ ಇರಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಇದು ನಮ್ಮೂರಿನದಷ್ಟೇ ತಕರಾರಲ್ಲ. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್‌ನಿಂದ, ಜಾಹೀರಾತಿನ ಚಿತ್ರದಲ್ಲಿ ಮಾಡೆಲ್‌ನ ಮೈಯನ್ನು ತೆಳ್ಳಗೋ ದಪ್ಪಗೋ ಮಾಡಿದ್ದರೆ ‘ತಿದ್ದಿದ ಚಿತ್ರ’ ಎಂದು ಬರೆಯಲೇಬೇಕು, ಇಲ್ಲವಾದರೆ 37,500 ಯೂರೋ ದಂಡ, ಅದು ಜಾಹೀರಾತು ಖರ್ಚಿನ ಶೇಕಡಾ 30ರವರೆಗೂ ಏರಬಹುದು. ನಾರ್ವೆಯಲ್ಲಿ 2022ರ ಜುಲೈಯಿಂದ ಮೈಬಣ್ಣ ತಿದ್ದಿದರೂ ಗುರುತು ಹಾಕಬೇಕು. ನಮ್ಮಲ್ಲಿ ಅಂಥ ಗುರುತು ಕಡ್ಡಾಯವಿಲ್ಲ. ಹಾಗಾಗಿ ನಾವೇ ಬರೆಸಿಕೊಳ್ಳಬೇಕು.

ಬೆಳಕು ಸರಿ ಮಾಡುವುದು, ಸೀರೆಗೆ ಅಂಟಿದ ಧೂಳು ಒರೆಸುವುದು ನನಗೆ ತಪ್ಪೆನಿಸುವುದಿಲ್ಲ. ಅಂದು ಎದ್ದ ಮೊಡವೆಯನ್ನು ಹುಡುಗಿಯೇ ತೆಗೆಯಿರಿ ಎಂದರೆ ತೆಗೆಯಲಿ. ಆದರೆ ಮೈಬಣ್ಣ, ಮೈಕಟ್ಟು, ಮಚ್ಚೆ, ಕಲೆ ಮುಟ್ಟುವುದಿಲ್ಲ, ಅವಳು ನೋಡಿ ಒಪ್ಪದೆ ಯಾವ ಫೋಟೋವನ್ನೂ ಹಾಕುವುದಿಲ್ಲ, ಬೇಡವೆಂದರೆ ತೆಗೆಯುತ್ತೇವೆ ಎಂದು ಶೂಟ್‌ಗೆ ಮೊದಲೇ ಬರೆಸಿಕೊಳ್ಳಿ. ವಾಟ್ಸಾಪ್ ಮೆಸೇಜ್ ಆದರೂ ಸರಿ, ಬಾಯಿಮಾತು ಬೇಡ. ಅಂದು ನಿಮ್ಮ ಫೋನಿನಲ್ಲೂ ಕೆಲವು ಫೋಟೋ ತೆಗೆದಿಟ್ಟುಕೊಳ್ಳಿ. ನಾನು ತೆಗೆದವು ಇಲ್ಲದಿದ್ದರೆ ಬೊಟಿಕ್‌ನವರು ತಿದ್ದಿಯೇ ಇಲ್ಲ ಎನ್ನುತ್ತಿದ್ದರು.

ಸೀರೆ ಕೊಳ್ಳುವವರೂ ಇಂಥ ಫೋಟೋ ನಂಬಿ ದುಡ್ಡು ಹಾಕಬೇಡಿ. ಹುಡುಗಿಯ ಬಣ್ಣ ತಿದ್ದಿದವರು ಸೀರೆಯ ಬಣ್ಣ ಉಳಿಸಿರುತ್ತಾರೆ ಎಂಬ ಖಾತ್ರಿ ಇಲ್ಲ. ಬಿಸಿಲಲ್ಲಿ ಹಿಡಿದ ವಿಡಿಯೋ ಕೇಳಿ, ಕಸೂತಿಯಾದರೆ ಹಿಂಬದಿಯನ್ನೂ ತೋರಿಸಲು ಹೇಳಿ. ಕಸೂತಿಯ ಗವಂತಿ (ನೇರ ಗೆರೆಯದು), ಮುರಗಿ (ಮೆಟ್ಟಿಲಿನಂಥ ಅಂಕುಡೊಂಕಿನದು) ಹೊಲಿಗೆಗೆ ಗಂಟಿರುವುದಿಲ್ಲ, ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು. ಫೋಟೋದಲ್ಲಿದ್ದದ್ದು ಒಂದು, ಮನೆಗೆ ಬಂದದ್ದು ಇನ್ನೊಂದು ಆದರೆ ಸ್ಕ್ರೀನ್‌ಶಾಟ್, ಬಿಲ್ ಎರಡನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.