.32 ಲಾಂಗ್ ರಿವಾಲ್ವರೋ, .32 ಎಸಿಪಿ ಪಿಸ್ತೂಲೋ? ದೀರ್ಘ ಬಳಕೆಯ ವಿಮರ್ಶೆ

ಲೈಸೆನ್ಸ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಕೇಳುವುದು 9 ಎಂಎಂ. ಅದು ಸಿಗುವುದಿಲ್ಲ. 9 ಎಂಎಂ, .38, .455 ಇವೆಲ್ಲ ನಿಷೇಧಿತ ಬೋರ್ (ನಳಿಗೆಯ ಅಳತೆ). ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕೊಡುವ ಸಾಮಾನ್ಯ ಲೈಸೆನ್ಸಿನ ವ್ಯಾಪ್ತಿಗೆ ಅವು ಬರುವುದಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳಲು ನಮಗೆ ನಿಜವಾಗಿ ಉಳಿಯುವುದು ಮೂರೇ: .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್ ತೋಟಾವನ್ನು ತಿರುಗುವ ಸಿಲಿಂಡರ್‌ಗೆ ಹಾಕುವ ರಿವಾಲ್ವರ್, .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ಟಲ್) ತೋಟಾವನ್ನು ಮ್ಯಾಗಜಿನ್‌ಗೆ ತುಂಬುವ ಪಿಸ್ತೂಲು, ಮತ್ತು .22.

ಮೊದಲು ಶಕ್ತಿಯ ಮಾತು ಮುಗಿಸಿಬಿಡೋಣ. 1896ರ .32 ಲಾಂಗ್‌ನಲ್ಲಿ 98 ಗ್ರೇನ್, ಅಂದರೆ ಸುಮಾರು 6.3 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 215 ಮೀಟರ್ ವೇಗದಲ್ಲಿ ಹೊರಡುತ್ತದೆ. 1899ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ ಎಸಿಪಿಯದು 71 ಗ್ರೇನ್, ತಾಮ್ರದ ಹೊದಿಕೆ, ವೇಗ ಸುಮಾರು 275 ಮೀಟರ್. ಲೆಕ್ಕ ಹಾಕಿದರೆ ಒಂದಕ್ಕೆ 147 ಜೂಲ್, ಇನ್ನೊಂದಕ್ಕೆ 175 ಜೂಲ್. ಇದು ಉದ್ದ ನಳಿಗೆಯ ಲೆಕ್ಕ. ಮೂರು ಇಂಚಿನ ನಳಿಗೆಯಲ್ಲಿ ಎರಡೂ ಇನ್ನಷ್ಟು ಇಳಿಯುತ್ತವೆ. 9 ಎಂಎಂ 450 ಜೂಲ್ ದಾಟುವಾಗ ಈ 28 ಜೂಲ್ ವ್ಯತ್ಯಾಸಕ್ಕಾಗಿ ಪಿಸ್ತೂಲು ಕೊಳ್ಳುವುದು ತಪ್ಪು ಲೆಕ್ಕ. ಇಷ್ಟು ಕಡಿಮೆ ಶಕ್ತಿಯ ಗುಂಡಿನಲ್ಲಿ ಗುರಿಯೇ ಎಲ್ಲ. ಹಾಗಾಗಿ ಯಾವ ಆಯುಧದಲ್ಲಿ ನಿಮ್ಮ ಕೈ ಕೂರುತ್ತದೆ, ಯಾವುದು ಕೈಕೊಡುವುದಿಲ್ಲ ಎಂಬುದನ್ನಷ್ಟೇ ನೋಡಬೇಕು.

ಇನ್ನೊಂದು ಮುಖ್ಯ ವಿಷಯ. ಎರಡೂ '.32' ಆದರೂ ತೋಟಾ ಬೇರೆ ಬೇರೆ. ಲಾಂಗ್‌ನ ಕೇಸು (ಮದ್ದು ತುಂಬಿದ ಲೋಹದ ಕೊಳವೆ) 23 ಮಿ.ಮೀ., ಹಿಂದೆ ಅಗಲವಾದ ಅಂಚು. ಎಸಿಪಿಯದು 17 ಮಿ.ಮೀ., ಅಂಚು ಕೂದಲೆಳೆಯಷ್ಟು ಮಾತ್ರ ಹೊರಗೆ. ಕೆಲವು ರಿವಾಲ್ವರ್‌ಗಳಲ್ಲಿ ಎಸಿಪಿ ತೋಟಾ ಒಳಗೆ ಕೂತೂ ಬಿಡುತ್ತದೆ. ಹಾಕಬೇಡಿ. ಲಾಂಗ್‌ಗೆ ನಿಗದಿಯಾದ ಗರಿಷ್ಠ ಒತ್ತಡ 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎಸಿಪಿಯದು 20,500. ಹಳೆಯ ಸಿಲಿಂಡರ್ ಅದನ್ನು ತಡೆಯುತ್ತದೆಂಬ ಭರವಸೆ ಇಲ್ಲ. ಲೈಸೆನ್ಸಿನಲ್ಲಿ ಬರೀ '.32 ಬೋರ್' ಎಂದಿದ್ದರೆ ಅಂಗಡಿಯಲ್ಲಿ ಪೊಟ್ಟಣ ಒಡೆದು ನೋಡಿಯೇ ತೆಗೆದುಕೊಳ್ಳಿ.

ರಿವಾಲ್ವರ್ ಎಂದರೆ ಇಲ್ಲಿ ಹೆಚ್ಚಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಯದ್ದು: ವೆಬ್ಲಿ ಮಾದರಿಯಲ್ಲಿ ನಡು ಮುರಿದು ತೆರೆಯುವ, 700 ಗ್ರಾಂ ಆಸುಪಾಸಿನ, ಆರು ಗುಂಡಿನದು. 2014ರಲ್ಲಿ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದಿಂದ 500 ಗ್ರಾಂಗೆ ಇಳಿಯಿತು. 2023ರ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ನಳಿಗೆ 76 ಮಿ.ಮೀ. ಹಳೆಯ ಮಾದರಿಯ ದೊಡ್ಡ ತೊಂದರೆ ಟ್ರಿಗರ್. ಹ್ಯಾಮರ್ (ತೋಟಾಕ್ಕೆ ಹೊಡೆಯುವ ಹಿಂಬದಿಯ ಸುತ್ತಿಗೆ) ಎಳೆಯದೆ ನೇರ ಟ್ರಿಗರ್ ಒತ್ತಿದರೆ ಬಿಗಿ ಎಷ್ಟೆಂದರೆ ನಳಿಗೆ ಬಲಕ್ಕೋ ಕೆಳಕ್ಕೋ ವಾಲುತ್ತದೆ. ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಿಸುವ ಚಾಳಿ ಬೇಡ, ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಬೀಳುವ ಹೊಡೆತ ಸೋತು ಗುಂಡು ಹಾರದೆ ಉಳಿಯುತ್ತದೆ. ಡಮ್ಮಿ ತೋಟಾ ಹಾಕಿ ದಿನಕ್ಕೆ 20 ಸಲ ನಿಧಾನ ಒತ್ತಿ ಅಭ್ಯಾಸ ಮಾಡಿದರೆ ತಿಂಗಳೊಳಗೆ ಕೈ ಪಳಗುತ್ತದೆ. ಅಭ್ಯಾಸದ ಕೋಣೆಯಲ್ಲಿ ಒಂದೇ ಒಂದು ಜೀವಂತ ತೋಟಾ ಕೂಡ ಇರಬಾರದು.

ತೆರೆಯುವಾಗ ಅರೆಮನಸ್ಸಿನಿಂದ ತೆರೆದರೆ ಖಾಲಿ ಕೇಸಿನ ಅಂಚು ಅದನ್ನು ಹೊರತಳ್ಳುವ ನಕ್ಷತ್ರಾಕಾರದ ಎಕ್ಸ್‌ಟ್ರಾಕ್ಟರ್ ಕೆಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಸ್ವಲ್ಪ ಪಕ್ಕಕ್ಕೆ ಓರೆ ಮಾಡಿ ಒಂದೇ ಬಿರುಸಿನಲ್ಲಿ ತೆರೆಯಬೇಕು. ಸಿಲಿಂಡರ್ ತಿರುಗಲು ತಡವರಿಸಿದರೆ ಬಹುಪಾಲು ಕಾರಣ ಅದೇ ನಕ್ಷತ್ರದಡಿ ಕೂತ ಸುಡದ ಮದ್ದಿನ ಕಣ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಸೀಸದ ಗುಂಡಾದ್ದರಿಂದ ನಳಿಗೆಯ ಬುಡದಲ್ಲಿ ಬೂದು ಪದರ ಕಟ್ಟುತ್ತದೆ, ಹಿತ್ತಾಳೆ ಬ್ರಷ್ಷಿಗೆ ಸಾಲ್ವೆಂಟ್ ಹಚ್ಚಿ ಉಜ್ಜಿ.

ಪಿಸ್ತೂಲು ಚಪ್ಪಟೆ, ಅಂಗಿಯ ಕೆಳಗೆ ಎದ್ದು ಕಾಣುವುದಿಲ್ಲ, ಟ್ರಿಗರ್ ಹಗುರ. ಗುಂಡು ಹೊಡೆಯುವ ಸುಖಕ್ಕೆ ಇದೇ ಮೇಲು ಎಂದು ಒಪ್ಪಲೇಬೇಕು. ಆದರೆ ಇದರ ಕಾಯಿಲೆಗಳೂ ಹೆಚ್ಚು. ಎಸಿಪಿಯ ಆ ಪುಟ್ಟ ಅಂಚು ಮ್ಯಾಗಜಿನ್‌ನಲ್ಲಿ ಕೆಳಗಿನ ತೋಟಾದ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಬೀಗ ಹಾಕಿಕೊಳ್ಳುತ್ತವೆ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಷ್ಟು ಎಳೆದರೂ ಬಿಡಿಸಲಾಗದು. ಮ್ಯಾಗಜಿನ್ ಹೊರತೆಗೆದು ಸಣ್ಣ ಕಡ್ಡಿಯಿಂದ ತಳ್ಳಬೇಕು, ಅಷ್ಟು ಸಮಯ ಅಪಾಯದ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಗಿಡ್ಡ ಮೂತಿಯ ಟೊಳ್ಳು ಗುಂಡುಗಳಲ್ಲಿ ಇದು ಜಾಸ್ತಿ. ಪೂರ್ಣ ಹೊದಿಕೆಯ ಗುಂಡೇ ಇರಲಿ, ತುಂಬುವಾಗ ಪ್ರತಿ ತೋಟಾದ ಅಂಚೂ ಕೆಳಗಿನದಕ್ಕಿಂತ ಮುಂದೆ ಕೂತಿದೆಯೇ ನೋಡಿ. ಎರಡನೆಯದು, ಇದು ಬ್ಲೋಬ್ಯಾಕ್. ಗುಂಡಿನ ಹಿಂದೂಡುವ ಬಲದಿಂದಲೇ ಸ್ಲೈಡ್ ಓಡಬೇಕು. ತೋಟಾ ಹಳತಾಗಿ ಬಲಗುಂದಿದ್ದರೆ ಸ್ಲೈಡ್ ಅರ್ಧಕ್ಕೇ ನಿಂತು ಖಾಲಿ ಕೇಸು ಹೊರಬೀಳುವ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ರಿವಾಲ್ವರ್‌ನಲ್ಲಿ ಒಂದು ತೋಟಾ ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಒತ್ತಿದರಾಯಿತು, ಮುಂದಿನದು ಬರುತ್ತದೆ. ವರ್ಷಕ್ಕೆ ಇಷ್ಟೇ ಎಂದು ಲೆಕ್ಕದ ತೋಟಾ ಸಿಗುವ ನಮ್ಮಲ್ಲಿ ಹಳೆಯ ತೋಟಾ ಉಳಿಸಿಕೊಳ್ಳುವವರೇ ಜಾಸ್ತಿ. ಅದಕ್ಕೇ ನನ್ನ ಮತ ರಿವಾಲ್ವರ್‌ಗೆ.

ರೇಂಜ್‌ನಲ್ಲಿ ತೋಟಾ ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಇಟ್ಟು 30 ಸೆಕೆಂಡು ಕಾಯಿರಿ. ಸದ್ದು ಮಾಮೂಲಿಗಿಂತ ಕ್ಷೀಣವಾಗಿ 'ಪುಸ್' ಎಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ.

.22ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಷಾಪುರ ಕಾರ್ಖಾನೆಯ ನಿಡರ್ ರಿವಾಲ್ವರ್ 250 ಗ್ರಾಂ, ಎಂಟು ಗುಂಡು, ಹೊತ್ತದ್ದೇ ಗೊತ್ತಾಗದು. ಗಿಡ್ಡ ನಳಿಗೆಯಲ್ಲಿ ಶಕ್ತಿ 100 ಜೂಲ್ ಸುತ್ತಮುತ್ತ. ಸಿಡಿಮದ್ದು ಅಂಚಿನೊಳಗೆ ಹರಡಿರುವುದರಿಂದ ಹುಸಿ ತೋಟಾಗಳೂ .32ಗಿಂತ ಹೆಚ್ಚು. ಮಣಿಕಟ್ಟು ನೋವಿರುವವರಿಗೆ ಸರಿ, ಉಳಿದವರು .32ಗೇ ಬನ್ನಿ.

ಹೊರುವ ವಿಚಾರ. 2016ರ ಆಯುಧ ನಿಯಮಗಳಂತೆ ಸಾರ್ವಜನಿಕ ಜಾಗದಲ್ಲಿ ಆಯುಧ ಹೋಲ್‌ಸ್ಟರಿನಲ್ಲಿ (ಸೊಂಟದ ಚೀಲ) ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಟ್ರಿಗರ್ ಸುತ್ತಿನ ಬಳೆ ಮುಚ್ಚದ ಹೋಲ್‌ಸ್ಟರ್ ಎಷ್ಟೇ ಅಗ್ಗವಿದ್ದರೂ ಬೇಡ. ಕೀಲಿಗೊಂಚಲಿನ ಜೊತೆ ಜೇಬಿಗಂತೂ ಬೇಡವೇ ಬೇಡ. ರಿವಾಲ್ವರ್ ಹಳೆಯದಾಗಿ ಹ್ಯಾಮರ್ ತಾನಾಗಿ ಬೀಳದಂತೆ ತಡೆಯುವ ಭಾಗದ ಬಗ್ಗೆ ಖಾತರಿ ಇಲ್ಲದಿದ್ದರೆ ಸಿಲಿಂಡರ್‌ನಲ್ಲಿ ಹ್ಯಾಮರ್ ಎದುರಿನ ಗುಂಡಿನ ಕೋಣೆ ಖಾಲಿ ಬಿಡಿ.

ಕೊಡಗು, ಚಿಕ್ಕಮಗಳೂರು, ಸಾಗರದ ಕಡೆಯವರಿಗೆ ಮಳೆಗಾಲವೇ ದೊಡ್ಡ ಶತ್ರು. ಚರ್ಮದ ಹೋಲ್‌ಸ್ಟರಿನಲ್ಲೇ ರಾತ್ರಿ ಬಿಟ್ಟರೆ ಉಕ್ಕಿಗೆ ತುಕ್ಕು, ಚರ್ಮದ ಪಟ್ಟಿಯ ತೋಟಾಗಳಿಗೆ ಹಸಿರು ಕಿಲುಬು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ, ತೋಟಾಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಸಿಲಿಂಡರ್‌ನಲ್ಲಿ ಎಣ್ಣೆ ಹನಿ ಉಳಿಯಬಾರದು. ಅದು ಪ್ರೈಮರ್ ಸಂದಿನಿಂದ ಇಳಿದು ಒಳ್ಳೆಯ ತೋಟಾವನ್ನೂ ಕೊಲ್ಲುತ್ತದೆ.

ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾದರೆ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆಂದು ಲೆಕ್ಕ ಹಾಕಿ. ನಳಿಗೆಯೊಳಗೆ ದಪ್ಪ ಗ್ರೀಸ್ ಹಚ್ಚಿ, ಒಣಬಟ್ಟೆಯಲ್ಲಿ ಸುತ್ತಿ ಕೊಡಿ, ನಂಬರ್ ಬರೆದ ರಸೀದಿ ಪಡೆಯಿರಿ. ವಾಪಸು ಬಂದ ದಿನ ತೋಟಾ ತುಂಬುವ ಮೊದಲು ನಳಿಗೆಗೆ ಒಣ ಬಟ್ಟೆ ತೂರಿಸಿ ಗ್ರೀಸ್ ಪೂರ್ತಿ ತೆಗೆಯಿರಿ, ಬೆಳಕಿಗೆ ಹಿಡಿದು ನೋಡಿ.